ಹಾಲು ಬಿಡಿಸಿದ ಕೂಸು

ಕುದುರೆಮುಖದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸಂಸೆ ಎಂಬ ಊರು ಸಿಗುತ್ತದೆ. ಬೆಟ್ಟ ಹತ್ತಲು ಬರುವ ಪಟ್ಟಣದ ಹುಡುಗರಿಗೆ ಅದು ಜೀಪು ಸಿಗುವ ಜಾಗ. ಅಲ್ಲಿ ಹುಟ್ಟಿ ಬೆಳೆದವರಿಗೆ ಚಹಾ, ಕಾಫಿ, ಅಡಿಕೆ ಮತ್ತು ವರ್ಷದ ನಾಲ್ಕೈದು ತಿಂಗಳು ಬಿಡದೆ ಸುರಿಯುವ ಮಳೆ. 2024ರ ಮೇ ತಿಂಗಳಲ್ಲಿ ನಾನು ಅಲ್ಲಿನ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರು. ಎರಡೆಕರೆ ಕಾಫಿ, ಒಂದಿಷ್ಟು ಅಡಿಕೆ, ಹೆಂಚಿನ ಮನೆ. ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮತ್ತು ಎಂಬತ್ತು ದಾಟಿದ ಒಬ್ಬ ಅಜ್ಜಿ.

ನಾನು ಹೋದ ಮರುದಿನವೇ ಎಸ್ಸೆಸ್ಸೆಲ್ಸಿ ಫಲಿತಾಂಶ. ಮನೆಯ ಮಗಳು ಪರೀಕ್ಷೆಗೆ ಕೂತಿದ್ದಳು. ಮೊಬೈಲಿಗೆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಅವಳ ಅಣ್ಣ ಹಿಂದಿನ ಗುಡ್ಡ ಹತ್ತಿದ. ಹತ್ತಿದವನು ಬೇಗ ಇಳಿಯಲಿಲ್ಲ. ಇಳಿದಾಗಲೂ ಅವನ ನಡಿಗೆ ನೋಡಿಯೇ ಎಲ್ಲರಿಗೂ ವಿಷಯ ತಿಳಿಯಿತು. ಗಣಿತದಲ್ಲಿ ನಪಾಸು.

ಆ ಹುಡುಗಿ ಅಳಲಿಲ್ಲ. ಗೋಡೆಯ ಮೇಲಿದ್ದ ಬಾಲ ಯೇಸುವಿನ ಪಟದ ಕಡೆ ಒಮ್ಮೆ ನೋಡಿ ಸುಮ್ಮನೆ ನಿಂತಳು. ಪರೀಕ್ಷೆಗೆ ಮುಂಚೆ ಮನೆಯವರೆಲ್ಲ ಮಂಗಳೂರಿನ ಬಿಕರ್ನಕಟ್ಟೆಗೆ ಹೋಗಿ, ಅಲ್ಲಿನ ಬಾಲ ಯೇಸುವಿನ ಪುಣ್ಯಕ್ಷೇತ್ರದಲ್ಲಿ ಹರಕೆ ಹೇಳಿಕೊಂಡು ಬಂದಿದ್ದರು. ಮೂರು ತಿಂಗಳು ಅವಳು ಒಂದು ದಿನವೂ ಪ್ರಾರ್ಥನೆ ತಪ್ಪಿಸಿರಲಿಲ್ಲ. ತಾಯಿಗೆ ದುಃಖ, ಸಿಟ್ಟು ಎರಡೂ ಒಟ್ಟಿಗೆ ಬಂತು. ‘ನಿನ್ನ ನಂಬಿಕೆ ಗಟ್ಟಿ ಇರಲಿಲ್ಲ. ಚಿಕ್ಕ ಮಗುವಿನ ಹಾಗೆ ನಂಬಿದ್ದರೆ ದೇವರು ಕೈ ಬಿಡುತ್ತಿದ್ದನಾ?’ ಎಂದುಬಿಟ್ಟರು.

‘ಇನ್ನೂ ಎಷ್ಟು ನಂಬಬೇಕಿತ್ತು ಮಮ್ಮಿ?’ ಎಂದಳು ಹುಡುಗಿ.

ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ನಪಾಸಾದ ಮಕ್ಕಳು ಹೊಸಬರಲ್ಲ. ಆದರೆ ಈ ಪ್ರಶ್ನೆ ಹೊಸದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಅಂಕಪಟ್ಟಿ ಆ ಹುಡುಗಿಯಿಂದ ಒಂದು ವಿಷಯವನ್ನು ಕಿತ್ತುಕೊಂಡಿತ್ತು, ಅಷ್ಟೆ; ಅದನ್ನು ಜೂನ್ ತಿಂಗಳಲ್ಲಿ ಮತ್ತೆ ಗಳಿಸಬಹುದು. ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಆ ವರ್ಷದಿಂದಲೇ ಬಂದಿತ್ತು. ಆದರೆ ತಾಯಿಯ ಆ ಒಂದು ಮಾತು ಅವಳಿಂದ ಕಿತ್ತುಕೊಳ್ಳಲಿದ್ದುದು ದೇವರನ್ನೇ! ಇದಕ್ಕೆ ಮರುಪರೀಕ್ಷೆ ಎಲ್ಲಿದೆ?

ನಾನು ಅವರ ಧರ್ಮದವನಲ್ಲ. ಆದರೂ ‘ಮಗುವಿನ ಹಾಗೆ ನಂಬು’ ಎಂಬ ಆ ಮಾತು ಎಲ್ಲಿಂದ ಬಂತೆಂದು ನೋಡಬೇಕೆನಿಸಿತು. ಅಂದು ಮಧ್ಯಾಹ್ನ ಆ ಮನೆಯ ಕನ್ನಡ ಬೈಬಲ್ಲನ್ನು ಕೈಗೆ ತೆಗೆದುಕೊಂಡು ಜಗಲಿಯಲ್ಲಿ ಕೂತೆ.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಆರಂಭದಲ್ಲೇ ಆ ಪ್ರಸಂಗವಿದೆ. ಅದು ಶುರುವಾಗುವುದು ಹೇಗೆ ಗೊತ್ತೇ? ಶಿಷ್ಯರು ಯೇಸುವಿನ ಬಳಿ ಬಂದು, ಸ್ವರ್ಗರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂದು ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಮೊದಲ ರ‍್ಯಾಂಕ್ ಯಾರಿಗೆ ಎಂದು! ಯೇಸು ಅದಕ್ಕೆ ಹೆಸರು ಹೇಳಲಿಲ್ಲ. ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದ. ನೀವು ಬದಲಾಗಿ ಇದರ ಹಾಗೆ ಆಗದಿದ್ದರೆ ಆ ರಾಜ್ಯದ ಬಾಗಿಲನ್ನೇ ದಾಟಲಾರಿರಿ ಎಂಬರ್ಥದ ಮಾತು ಹೇಳಿದ.

ಆ ಕಾಲದಲ್ಲಿ ಮಕ್ಕಳಿಗೆ ಏನು ಬೆಲೆ ಇತ್ತು? ಅದೇ ಮತ್ತಾಯನು ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ಕಥೆ ಹೇಳುವಾಗ, ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟು ಲೆಕ್ಕ ಕೊಡುತ್ತಾನೆ. ಲೆಕ್ಕಕ್ಕೇ ಇಲ್ಲದ ಜೀವ ಅದು. ಮಾರ್ಕನ ಸುವಾರ್ತೆಯಲ್ಲಿ ಜನ ಮಕ್ಕಳನ್ನು ಕರೆತಂದಾಗ ಶಿಷ್ಯರು ಗದರಿಸಿ ಓಡಿಸಲು ನೋಡುತ್ತಾರೆ. ಯೇಸುವಿಗೆ ಕೋಪ ಬರುತ್ತದೆ. ಅಂದರೆ ಮಗುವಿನಂತಾಗು ಎಂದದ್ದು, ಹೆಚ್ಚು ನಂಬಿ ಹೆಚ್ಚು ಪಡೆದುಕೋ ಎಂದಲ್ಲ. ತನ್ನದೆನ್ನಲು ಏನೂ ಇಲ್ಲದವನಾಗಿ, ಅಂಕವಿಲ್ಲದೆ, ಅರ್ಹತೆಯಿಲ್ಲದೆ ಬಾ ಎಂದು. ನಂಬಿಕೆಗೂ ಅಂಕ ಹಾಕಿ, ನಿನಗೆ ಮೂವತ್ತೈದು ಬರಲಿಲ್ಲ ಎನ್ನುವವರು ಆ ಶಿಷ್ಯರ ಹಳೆಯ ಪ್ರಶ್ನೆಗೇ ಮರಳಿ ಹೋದಂತಾಯಿತು.

ಮಗು ನಂಬುವುದಾದರೂ ಹೇಗೆ? ಇದನ್ನು ತಿಳಿಯಲು ಗ್ರಂಥ ಬೇಕಿಲ್ಲ, ಮಲೆನಾಡಿನ ಒಂದು ಕಾಲುಸಂಕದ ಬಳಿ ನಿಂತರೆ ಸಾಕು. ಎರಡು ಮರದ ದಿಮ್ಮಿ, ಹಿಡಿಯಲು ಒಂದು ಬಿದಿರು, ಕೆಳಗೆ ಕೆಂಪು ನೀರು ಸುತ್ತಿ ಸುತ್ತಿ ಹೋಗುವ ಹಳ್ಳ. ಜೂನ್ ಬಂದರೆ ದಿಮ್ಮಿಯ ಮೇಲೆ ಪಾಚಿ. ಶಾಲೆಗೆ ಹೊರಟ ಐದು ವರ್ಷದ ಕೂಸನ್ನು ಅಪ್ಪ ಎತ್ತಿಕೊಂಡು ದಾಟಿಸುತ್ತಾನೆ. ಆ ಕೂಸು ಶಾಂತವಾಗಿ ಇರುತ್ತದೆಂದು ನೀವು ಭಾವಿಸಿದ್ದರೆ ಅದು ತಪ್ಪು. ನಾನು ನೋಡಿದ ಮಕ್ಕಳೆಲ್ಲ ಈ ದಡದಿಂದ ಆ ದಡದವರೆಗೂ ಕಿರುಚಿವೆ. ‘ಬೇಡಪ್ಪಾ, ಬೇಡಪ್ಪಾ’ ಎಂದು ಅತ್ತಿವೆ. ಆದರೆ ಯಾರ ಹತ್ತಿರ ಅತ್ತವು? ಅಪ್ಪನ ಕುತ್ತಿಗೆಯನ್ನೇ ಬಿಗಿಯಾಗಿ ತಬ್ಬಿಕೊಂಡು, ಅಪ್ಪನ ಮೇಲೆಯೇ ದೂರು! ಮಗುವಿನ ನಂಬಿಕೆಯಲ್ಲಿ ಭಯ ಇದೆ, ಹಟ ಇದೆ, ಅಳು ಇದೆ. ಹಿಡಿದ ಕುತ್ತಿಗೆಯನ್ನು ಬಿಡುವುದು ಮಾತ್ರ ಇಲ್ಲ.

ನಮ್ಮ ಶ್ರೀವೈಷ್ಣವರಲ್ಲಿ ಇದೇ ವಿಷಯದ ಮೇಲೆ ಶತಮಾನಗಳ ಚರ್ಚೆಯೇ ನಡೆದಿದೆ. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಭಕ್ತ ಯಾವುದರಂತೆ ಇರಬೇಕು? ಪಂಡಿತರು ಎರಡು ಪಕ್ಷವಾದರು. ಸಂಕದ ಮೇಲಿನ ಅಪ್ಪನನ್ನು ಕೇಳಿದರೆ, ‘ಅದು ಹಿಡಿದರೂ ಹಿಡಿಯದಿದ್ದರೂ ನಾನು ಬಿಡುವುದುಂಟೇ?’ ಎಂದಾನು.

ಇರಲಿ. ಹುಡುಗಿಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ನಂಬಿ ಕೇಳಿದ್ದು ಸಿಗದೆ ಹೋದರೆ?

ಇಲ್ಲಿ ನನಗೆ ಒಬ್ಬ ಹೆಣ್ಣುಮಗಳ ಕಥೆ ನೆನಪಾಗುತ್ತದೆ. ಆಕೆ ನಮ್ಮ ಬೆಂಗಳೂರಿಗೂ ಬಂದವಳು, ಕಥೆಯಲ್ಲಿ ಕಾಫಿಯೂ ಬರುತ್ತದೆ. ಹೆಸರು ಏಮಿ ಕಾರ್ಮೈಕೇಲ್. 1867ರಲ್ಲಿ ಐರ್ಲೆಂಡಿನ ಕಡಲ ತೀರದ ಒಂದು ಹಳ್ಳಿಯಲ್ಲಿ ಹುಟ್ಟಿದಳು. ಕಣ್ಣು ಕಂದು ಬಣ್ಣದವು. ಅವಳಿಗೋ ತಾಯಿಯಂಥ ನೀಲಿ ಕಣ್ಣಿನ ಆಸೆ. ದೇವರನ್ನು ಕೇಳಿದರೆ ಉತ್ತರ ಕೊಟ್ಟೇ ಕೊಡುತ್ತಾನೆ ಎಂದು ತಾಯಿ ಹೇಳಿಕೊಟ್ಟಿದ್ದರು. ಒಂದು ರಾತ್ರಿ ಆ ಪುಟ್ಟ ಹುಡುಗಿ ನೀಲಿ ಕಣ್ಣು ಕೊಡು ಎಂದು ಪ್ರಾರ್ಥಿಸಿ, ಒಂದಿಷ್ಟೂ ಸಂಶಯವಿಲ್ಲದೆ ಮಲಗಿದಳು. ಬೆಳಿಗ್ಗೆ ಎದ್ದವಳೇ ಕನ್ನಡಿಯ ಮುಂದೆ ಓಡಿದಳು. ಕನ್ನಡಿಯಲ್ಲಿ ಅದೇ ಕಂದು ಕಣ್ಣು! ಇದಕ್ಕಿಂತ ಗಟ್ಟಿಯಾದ ಮಗುವಿನ ನಂಬಿಕೆ ಇನ್ನೆಲ್ಲಿದೆ ಹೇಳಿ? ಆದರೂ ಸಿಗಲಿಲ್ಲ. ‘ಇಲ್ಲ’ ಎಂಬುದೂ ಒಂದು ಉತ್ತರವೇ ಎಂದು ಆ ಬೆಳಿಗ್ಗೆ ಅವಳಿಗೆ ತಿಳಿಯಿತಂತೆ.

ಹದಿನೇಳರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡಳು. 1895ರಲ್ಲಿ ಬೆಂಗಳೂರಿಗೆ ಬಂದು, ಅನಂತರ ತಮಿಳುನಾಡಿನ ತಿರುನೆಲ್ವೇಲಿ ಕಡೆಗೆ ಹೋಗಿ ದೋಹನಾವೂರು ಎಂಬಲ್ಲಿ ನೆಲೆಸಿದಳು. ದೇವಸ್ಥಾನಗಳಿಗೆ ಒಪ್ಪಿಸಲ್ಪಡುತ್ತಿದ್ದ ಪುಟ್ಟ ಹೆಣ್ಣುಮಕ್ಕಳಿಗೆ ಮನೆ ಕಟ್ಟಿ ತಾಯಿಯಾದಳು. ಆ ಮಕ್ಕಳ ಸುದ್ದಿ ತಿಳಿಯಲು ಕೆಲವೊಮ್ಮೆ ಸೀರೆಯುಟ್ಟು, ಮೈಗೆ ಕಾಫಿ ಡಿಕಾಕ್ಷನ್ ಬಳಿದುಕೊಂಡು, ಈ ನೆಲದ ಹೆಂಗಸಿನಂತೆ ಓಡಾಡುತ್ತಿದ್ದಳೆಂದು ಹೇಳುತ್ತಾರೆ. ನೀಲಿ ಕಣ್ಣಿದ್ದರೆ ಆಗಲೇ ಗುಟ್ಟು ರಟ್ಟಾಗುತ್ತಿತ್ತು!

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನೋಡಿದಿರಾ, ದೇವರು ಕೊಡದೆ ಇದ್ದದ್ದಕ್ಕೂ ಕಾರಣವಿತ್ತು ಎಂದು ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಏಕೆಂದರೆ ಅದೇ ಏಮಿ 1931ರಲ್ಲಿ ಬಿದ್ದು ಪೆಟ್ಟು ಮಾಡಿಕೊಂಡು, 1951ರಲ್ಲಿ ಸಾಯುವವರೆಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಾಸಿಗೆಯಲ್ಲೇ ಕಳೆದಳು. ಗುಣವಾಗಲೆಂದು ಸುತ್ತಲಿನ ಮಕ್ಕಳು ಬೇಡಿರಲಾರರೇ? ಆ ‘ಇಲ್ಲ’ಕ್ಕೆ ಯಾವ ಕನ್ನಡಿಯೂ ಕಾರಣ ತೋರಿಸಲಿಲ್ಲ. ಆಕೆ ಹಾಸಿಗೆಯ ಮೇಲಿಂದಲೇ ಬರೆಯುತ್ತ, ಮಕ್ಕಳನ್ನು ವಿಚಾರಿಸಿಕೊಳ್ಳುತ್ತ ಇದ್ದಳು. ಸಮಾಧಿಗೆ ಕಲ್ಲು ಬೇಡವೆಂದಿದ್ದಳು. ಮಕ್ಕಳು ಅಲ್ಲಿ ಹಕ್ಕಿಗಳಿಗೆ ನೀರಿಡುವ ಒಂದು ಬಟ್ಟಲನ್ನಿಟ್ಟು ಅದರ ಮೇಲೆ ‘ಅಮ್ಮ’ ಎಂದು ಬರೆಸಿದರು.

ಇನ್ನೂ ಮುಂದೆ ಹೋಗಿ ನೋಡಿದರೆ, ಯೇಸುವಿಗೇ ‘ಇಲ್ಲ’ ಎಂಬ ಉತ್ತರ ಸಿಕ್ಕಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆ ಎಂದು ಆತ ಬೇಡಿದ. ಆಗ ಆತ ದೇವರನ್ನು ಕರೆದ ಪದವನ್ನು ಮಾರ್ಕನು ಅರಾಮಿಕ್ ಭಾಷೆಯಲ್ಲೇ ಉಳಿಸಿಕೊಂಡಿದ್ದಾನೆ: ‘ಅಬ್ಬಾ.’ ನಮ್ಮ ‘ಅಪ್ಪಾ’ಗೆ ಎಷ್ಟು ಹತ್ತಿರ ನೋಡಿ! ಅಪ್ಪಾ ಎಂದು ಕರೆದು, ಬೇಡ ಎಂದು ಅತ್ತು, ಆದರೂ ನಿನ್ನ ಇಷ್ಟ ಎಂದ. ಪಾತ್ರೆ ತೆಗೆಯಲ್ಪಡಲಿಲ್ಲ. ಆತನ ನಂಬಿಕೆ ಸಾಲದಾಯಿತು ಎಂದು ಯಾವ ಕ್ರೈಸ್ತ ತಾಯಿಯಾದರೂ ಹೇಳಿಯಾಳೇ?

ಸಂಜೆ ಅಜ್ಜಿ ಜಗಲಿಗೆ ಬಂದು ಕೂತರು. ಬೆಳಿಗ್ಗೆಯ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಸೊಸೆಯನ್ನು ಅವರು ಬೈಯಲಿಲ್ಲ. ಅಡಿಕೆ ಹೋಳು ಮಾಡುತ್ತ ಕುದುರೆಮುಖದ ಮಾತು ತೆಗೆದರು.

‘ಮೇಷ್ಟ್ರೇ, ಗಣಿ ನಿಲ್ಲಬಾರದು ಅಂತ ನಾವು ಎಷ್ಟು ಪ್ರಾರ್ಥನೆ ಮಾಡಿದೆವು ಗೊತ್ತುಂಟಾ?’

ಹೊಸ ತಲೆಮಾರಿನ ಓದುಗರಿಗಾಗಿ ಎರಡು ಮಾತು. ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿ 1976ರಲ್ಲಿ ಆರಂಭವಾಯಿತು. ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕದಡಿ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುತ್ತಲಿನ ಊರುಗಳ ಎಷ್ಟೋ ಮನೆಗಳಿಗೆ ಅನ್ನ ಅಲ್ಲಿಂದ ಬರುತ್ತಿತ್ತು. ಆದರೆ ಅದೇ ಬೆಟ್ಟಗಳಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುತ್ತಾರೆ. ಭದ್ರೆಯಲ್ಲಿ ಕೆಂಪು ಹೂಳು ಬರುತ್ತಿದೆ ಎಂದು ಕೆಳಗಿನ ರೈತರು ಗೋಳಾಡಿದರು. ಕಾಡು ಉಳಿಸುವವರು ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಸಾಲು ಸಾಲು ಮನೆಗಳಿಗೆ ಬೀಗ ಬಿತ್ತು.

ಅಜ್ಜಿಯ ಗಂಡ ಅಲ್ಲಿ ಗುತ್ತಿಗೆದಾರರೊಬ್ಬರ ಬಳಿ ಡ್ರೈವರಾಗಿದ್ದರು. ‘ಆ ವರ್ಷದ ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟಲಿಕ್ಕೂ ಕೈ ಬರಲಿಲ್ಲ. ನಾವು ಇಲ್ಲಿ ನಿಲ್ಲಬಾರದು ಅಂತ ಕೇಳ್ತಾ ಇದ್ದೆವು, ಕೆಳಗಿನವರು ನಿಲ್ಲಲಿ ಅಂತ ಅವರ ದೇವರನ್ನು ಕೇಳ್ತಾ ಇದ್ದರು. ಪಾಪ, ದೇವರು ಯಾರದ್ದು ಅಂತ ಕೇಳಬೇಕು?’ ಎಂದು ನಕ್ಕರು. ‘ಅವರು ಎರಡು ವರ್ಷ ಇಗರ್ಜಿಗೆ ಹೋಗಲಿಲ್ಲ. ನಾನು ಹೋಗಿ ಎನ್ನಲಿಲ್ಲ. ಒಂದು ದಿನ ತಾವೇ ಶರ್ಟು ಇಸ್ತ್ರಿ ಮಾಡಿಕೊಂಡರು.’

ನಾನು ಓದಿದ ಯಾವ ದೇವತಾಶಾಸ್ತ್ರದ ಪುಸ್ತಕದಲ್ಲೂ ಈ ಮಾತಿನಷ್ಟು ಸರಳವಾದದ್ದು ಕಂಡಿಲ್ಲ. ಗಂಡನಿಗೆ ಸಿಟ್ಟು ಮಾಡಲು ಆಕೆ ಎರಡು ವರ್ಷ ಬಿಟ್ಟುಕೊಟ್ಟರು. ನಾವು ಮಕ್ಕಳಿಗೆ ಎರಡು ದಿನವನ್ನೂ ಬಿಟ್ಟುಕೊಡುವುದಿಲ್ಲ.

ವಿದ್ಯಾರ್ಥಿಗಳೇ, ಇದನ್ನು ಓದಿ, ದೇವರ ಮೇಲೆ ಭಾರ ಹಾಕಿ ಪುಸ್ತಕ ಮುಚ್ಚಿಡಬಹುದು ಎಂದುಕೊಳ್ಳಬೇಡಿ. ನಂಬಿಕೆಯಲ್ಲಿ ಮಗುವಾಗು ಎಂದ ಅದೇ ಧರ್ಮದಲ್ಲಿ, ಬುದ್ಧಿಯಲ್ಲಿ ಮಗುವಾಗಿ ಉಳಿಯಬೇಡಿ ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಕಾಫಿ ಬೆಳೆಯುವವರನ್ನು ನೋಡಿ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಮಲ್ಲಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬರೀ ಹನಿದು ಹೋದರೆ ಮೊಗ್ಗು ಅರೆಬಿರಿದು ಒಣಗುತ್ತದೆ. ಮಳೆ ಇವರ ಕೈಯಲ್ಲಿಲ್ಲ. ಅಂಗಳದ ಮಾಪಕದಲ್ಲಿ ಎಷ್ಟು ಸೆಂಟ್ಸ್ ಬಿತ್ತು ಎಂದು ನೋಡುವುದಷ್ಟೇ ಇವರ ಪಾಲು. ಹಾಗೆಂದು ಮರಗಸಿ ಬಿಟ್ಟವರುಂಟೇ? ಗೊಬ್ಬರ ಹಾಕದೆ ಕೂತವರುಂಟೇ? ಕೆರೆಯಿದ್ದವರು ಸ್ಪ್ರಿಂಕ್ಲರ್ ಪೈಪನ್ನೂ ತೆಗೆದಿಟ್ಟುಕೊಂಡೇ ಆಕಾಶ ನೋಡುತ್ತಾರೆ. ಆ ಹುಡುಗಿ ಮೂರು ತಿಂಗಳು ಪ್ರಾರ್ಥನೆ ತಪ್ಪಿಸಿರಲಿಲ್ಲ ನಿಜ. ಲೆಕ್ಕ ಬಿಡಿಸುವುದನ್ನು ತಪ್ಪಿಸಿದ್ದಳೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. ತ್ರಿಕೋನಮಿತಿ ಅವಳಿಗೆ ಒಂಬತ್ತನೆಯ ತರಗತಿಯಿಂದ ಹಿಂದೆ ಬಿದ್ದ ಬೀಜಗಣಿತದ ಕಾರಣದಿಂದಲೇ ಹತ್ತಿರ್ಲಿಲ್ಲವೆಂದು ಮರುದಿನ ನನಗೆ ಗೊತ್ತಾಯಿತು.

ತಾಯ್ತಂದೆಯರಿಗೂ ಒಂದು ಮಾತು ಹೇಳಬೇಕು, ಸ್ವಲ್ಪ ಕಟುವಾಗಿಯೇ. ಮಗುವನ್ನು ನಡುವೆ ನಿಲ್ಲಿಸಿದ ಆ ಪ್ರಸಂಗದ ಬೆನ್ನಿಗೇ ಯೇಸುವಿನ ಇನ್ನೊಂದು ಮಾತಿದೆ. ನಂಬುವ ಇಂಥ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ತಳ್ಳಿದರೂ ಅವನಿಗೆ ಒಳ್ಳೆಯದೇ ಎಂಬರ್ಥದ್ದು. ಸುವಾರ್ತೆಗಳಲ್ಲಿ ಇಷ್ಟು ಕಠಿಣವಾದ ಮಾತುಗಳು ಕಡಿಮೆ. ನಾವು ಅದನ್ನು ಪಾಪಿಗಳಿಗೆ ಹೇಳಿದ್ದು ಎಂದು ದಾಟಿ ಹೋಗುತ್ತೇವೆ. ಅದು ದೊಡ್ಡವರಿಗೆ ಹೇಳಿದ್ದು. ಪಾಸು ಮಾಡಿಸಿದರೆ ಇಷ್ಟು ಮೊಂಬತ್ತಿ ಎಂದು ದೇವರೊಡನೆ ವ್ಯಾಪಾರ ಕುದುರಿಸಿದವರು ನಾವು. ವ್ಯಾಪಾರ ಮುರಿದಾಗ ನಷ್ಟವನ್ನು ಮಗುವಿನ ಖಾತೆಗೆ ಬರೆಯುವವರೂ ನಾವೇ. ‘ನಿನ್ನ ಒಳ್ಳೆಯದಕ್ಕೇ ಹೀಗಾಯಿತು’ ಎಂದು ಅವಸರದಲ್ಲಿ ಸಮಾಧಾನ ಹೇಳುವುದೂ ಬೇಡ. ಹಾಗೆಂದು ನಮಗೆ ಹೇಗೆ ಗೊತ್ತು?

ಸಂಜೆಯ ಮಾತು ಅಲ್ಲಿಗೆ ನಿಂತಿತ್ತು. ರಾತ್ರಿ ಊಟಕ್ಕೆ ಮುಂಚೆ ಜಪಮಾಲೆಯ ಪ್ರಾರ್ಥನೆ. ಅವರ ಮಾತಿನಲ್ಲಿ ತೇರ್ಸು. ಎಲ್ಲರೂ ಪಟದ ಮುಂದೆ ಸೇರಿದರು. ಹುಡುಗಿ ಬಾಗಿಲ ಬಳಿಯೇ ನಿಂತಳು. ‘ನಾನು ಹೇಳುವುದಿಲ್ಲ’ ಎಂದಳು. ತಾಯಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಎತ್ತಿದರು.

‘ಹೇಳಬೇಡ ಪುಟ್ಟಾ. ಇವತ್ತು ನಿನ್ನ ಪಾಲಿನದ್ದು ನಾನು ಹೇಳ್ತೇನೆ. ನೀನು ಬಂದು ಇಲ್ಲಿ ಕೂತ್ಕೊ, ಅಷ್ಟು ಸಾಕು.’

ಹುಡುಗಿ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ತೊಡೆಗೆ ತಲೆಯಿಟ್ಟಳು. ಆಗ, ಬೆಳಿಗ್ಗೆಯಿಂದ ಬಾರದಿದ್ದ ಅಳು ಬಂತು. ಜಪ ನಿಲ್ಲಲಿಲ್ಲ. ಅಜ್ಜಿಯ ಒಂದು ಕೈ ಮಣಿಗಳ ಮೇಲೆ, ಇನ್ನೊಂದು ಕೈ ಅವಳ ಕೂದಲ ಮೇಲೆ.

ಮಧ್ಯಾಹ್ನ ಬೈಬಲ್ಲಿನಲ್ಲಿ ಪುಟ ತಿರುವುವಾಗ ಕಣ್ಣಿಗೆ ಬಿದ್ದಿದ್ದ ಒಂದು ಕೀರ್ತನೆ ನನಗೆ ನೆನಪಾಯಿತು. ಅದು 131ನೆಯದು, ಮೂರೇ ವಚನ. ಹಿಂದೆ ಜೆರುಸಲೇಮಿಗೆ ಯಾತ್ರೆ ಹೋಗುವವರು ಹಾಡುತ್ತಿದ್ದ ಕೀರ್ತನೆಗಳಲ್ಲಿ ಒಂದು. ಹಾಡುವವನು ತನ್ನ ಮನಸ್ಸನ್ನು ತಾಯಿಯ ಬಳಿಯಿರುವ ಕೂಸಿಗೆ ಹೋಲಿಸುತ್ತಾನೆ. ನಾನು ಮೊದಲು ಓದಿದಾಗ ಹಾಲು ಕುಡಿದು ತೃಪ್ತಿಯಾದ ಕೂಸೆಂದೇ ತಿಳಿದಿದ್ದೆ. ಎರಡನೆಯ ಸಲ ನೋಡಿದಾಗ ಗೊತ್ತಾಯಿತು, ಅದು ಹಾಲು ಬಿಡಿಸಿದ ಕೂಸು! ನಮ್ಮ ಹಳ್ಳಿಗಳಲ್ಲಿ ಹಾಲು ಬಿಡಿಸಲು ತಾಯಂದಿರು ಬೇವಿನ ರಸ ಹಚ್ಚಿಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. ಕೂಸಿಗೆ ಅದು ಎಂಥ ಮೋಸ! ನಿನ್ನೆಯವರೆಗೆ ಕೇಳಿದಾಗ ಸಿಗುತ್ತಿದ್ದುದು ಇಂದು ಕಹಿ. ಏಕೆಂದು ಯಾರೂ ಅದಕ್ಕೆ ಹೇಳಲಾರರು. ಎರಡು ಮೂರು ದಿನ ರಚ್ಚೆ ಹಿಡಿದು, ತಾಯಿಯನ್ನು ಪರಚಿ, ಕೊನೆಗೆ ಅದೇ ತಾಯಿಯ ಮಡಿಲಿಗೇ ಬಂದು ಮಲಗುತ್ತದೆ. ಈಗ ಅದು ಬಂದಿರುವುದು ಹಾಲಿಗಾಗಿ ಅಲ್ಲ.

ಪ್ರಾರ್ಥನೆ ಮುಗಿದಾಗ ಹುಡುಗಿಗೆ ನಿದ್ದೆ ಬಂದಿತ್ತು. ತಾಯಿ ಬಂದು ಅವಳ ಕಾಲ ಮೇಲೆ ಹೊದಿಕೆ ಹಾಕಿ, ಏನೂ ಹೇಳದೆ ಅಲ್ಲೇ ಕೂತರು. ಅಜ್ಜಿ ತೊಡೆ ಅಲುಗಿಸದೆ ನನ್ನ ಕಡೆ ತಿರುಗಿದರು.

‘ಮೇಷ್ಟ್ರೇ, ಬೆಳಿಗ್ಗೆ ಆರಕ್ಕೆ ಇವಳನ್ನು ಎಬ್ಬಿಸ್ತೇನೆ. ಆ ಲೆಕ್ಕದ ಪುಸ್ತಕ ನೀವೊಮ್ಮೆ ನೋಡಿ.’